ಹೆದರ್ಬೇಡಿ, ಲೈನಲ್ಲೇ ಇರಿ

ನಮ್ಮ ಅಕ್ಕನ ಮುಖ ಕಂಡವರು ಊರಲ್ಲಿ ನೂರು ಜನ ಇರಬಹುದು. ಅವಳ ದನಿ ಕೇಳದವರು ಮಾತ್ರ ಹುಡುಕಿದರೂ ಸಿಗಲಿಕ್ಕಿಲ್ಲ. ಇಪ್ಪತ್ತಾರು ವರ್ಷ ಅವಳು ದೊಡ್ಡಾಸ್ಪತ್ರೆಯ ಟೆಲಿಫೋನ್ ಆಪರೇಟರ್ ಆಗಿದ್ದಳು. ಮೆಟ್ಟಿಲ ಅಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಅದರೊಳಗೆ ಕೆಂಪು ದೀಪಗಳ ಹಲಗೆ, ಒಂದು ಕಾಲು ಕುಂಟುವ ಕುರ್ಚಿ, ಗೋಡೆಗೆ ಅಂಟಿಸಿದ ವಾರ್ಡುಗಳ ನಂಬರಿನ ಪಟ್ಟಿ. ಆ ಪಟ್ಟಿಯ ಕಡೆ ಅವಳು ತಿರುಗಿ ನೋಡಿದ್ದನ್ನು ನಾನು ಕಂಡಿಲ್ಲ. ಎಲ್ಲ ಬಾಯಿಪಾಠ.

ಆಸ್ಪತ್ರೆಗೆ ಫೋನ್ ಮಾಡುವವರು ಯಾರೂ ನೆಮ್ಮದಿಯಿಂದ ಮಾಡುವುದಿಲ್ಲ. ಒಬ್ಬ ಅಳುತ್ತಾನೆ, ಒಬ್ಬ ಬೈಯುತ್ತಾನೆ, ಇನ್ನೊಬ್ಬನಿಗೆ ತನ್ನ ಮನೆಯ ವಿಳಾಸವೇ ಮರೆತುಹೋಗಿರುತ್ತದೆ. ಎಲ್ಲರಿಗೂ ಅಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ಹೆದರ್ಬೇಡಿ, ಲೈನಲ್ಲೇ ಇರಿ." ಅದರಲ್ಲಿ ಅದೇನಿತ್ತೋ, ಎಗರಾಡುತ್ತಿದ್ದವನೂ ಮೂಗು ಒರೆಸಿಕೊಂಡು ಸುಮ್ಮನಾಗುತ್ತಿದ್ದ. ಆಮೇಲಾಮೇಲೆ ಆಸ್ಪತ್ರೆಯವರು ಅದನ್ನೇ ರೆಕಾರ್ಡ್ ಮಾಡಿಸಿ, ಫೋನಿನಲ್ಲಿ ಕಾಯುವವರಿಗೆಲ್ಲ ಕೇಳಿಸತೊಡಗಿದರು. ಅವಳಿಗೆ ಒಂದು ನೇಮವೂ ಇತ್ತು. ಫೋನ್ ಮಾಡಿದವರು ಇಡುವ ತನಕ ತಾನು ಇಡುತ್ತಿರಲಿಲ್ಲ. "ನನ್ನ ಕೆಲಸ ಲೈನ್ ಜೋಡಿಸೋದು ಕಣೇ, ಕಡಿಯೋದಲ್ಲ" ಎನ್ನುತ್ತಿದ್ದಳು. ನಾನಾಗಿದ್ದರೆ ಮೊದಲನೇ ಬೈಗುಳಕ್ಕೇ ತಿರುಗಿ ನಾಲ್ಕು ಬೈದು ಕುಕ್ಕಿಬಿಡುತ್ತಿದ್ದೆ. ಅದಕ್ಕೇ ಇರಬೇಕು, ನನ್ನ ಹಣೆಯಲ್ಲಿ ಹೊಲಿಗೆ ಮೆಷಿನ್ ಬರೆದದ್ದು. ನಾನು ಶಾಲೆಗಳ ಯೂನಿಫಾರ್ಮು, ಆಸ್ಪತ್ರೆಗಳ ಪರದೆ ಹೊಲಿಯುವ ಟೈಲರ್. ಬಟ್ಟೆ ಎಷ್ಟು ಬೈಸಿಕೊಂಡರೂ ಮೇಲಿನವರಿಗೆ ದೂರು ಕೊಡುವುದಿಲ್ಲ.

ಮಧ್ಯಾಹ್ನ ಒಂದೂವರೆಗೆ ಅಕ್ಕನಿಗೆ ಊಟದ ಬಿಡುವು. ಆಗ ಅಮ್ಮನಿಗೆ ಫೋನ್ ಮಾಡುವಳು. ಅಮ್ಮ ಇರುವುದು ನನ್ನ ಜೊತೆ, ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ. ಅಮ್ಮ ಫೋನ್ ಎತ್ತಿದ ಕೂಡಲೇ ಅಕ್ಕ ಮಾತಾಡುತ್ತಿರಲಿಲ್ಲ. ಮೊದಲು ಉಗುರಿನಿಂದ ಮೌತ್‌ಪೀಸಿನ ಮೇಲೆ ಮೂರು ಸಲ ಕುಟ್ಟುವಳು. ಟಕ್, ಟಕ್, ಟಕ್. ಲೈನ್ ಸರಿಯಿದೆಯೋ ಇಲ್ಲವೋ ನೋಡುವ ಅವಳ ಅಭ್ಯಾಸ. ಅಮ್ಮ ನಗುತ್ತಾ "ಹೇಳು ಗುಬ್ಬಿ" ಎನ್ನುವಳು. ಅಮ್ಮನಿಗೆ ಅಕ್ಕ ಗುಬ್ಬಿ, ನಾನು ಚಿಕ್ಕೋಳು. ನಲವತ್ತೆಂಟಕ್ಕೆ ಬಂದರೂ ನಾನು ಚಿಕ್ಕೋಳೇ.

ಆರು ವರ್ಷದ ಹಿಂದೆ ಅಮ್ಮನ ಎರಡೂ ಕಣ್ಣು ಹೋದವು. ಆಮೇಲೆ ಅವಳ ಪಾಲಿಗೆ ದೊಡ್ಡ ಮಗಳೆಂದರೆ ಆ ಒಂದೂವರೆಯ ದನಿ, ಅಷ್ಟೇ. ಭಾನುವಾರ ಅಕ್ಕ ಮನೆಗೆ ಬಂದು ಎದುರಿಗೇ ಕೂತು ಮಾತಾಡಿದರೂ ಅಮ್ಮ ಗಲ್ಲಕ್ಕೆ ಕೈಕೊಟ್ಟು, ಫೋನ್ ಕೇಳುವವಳ ಹಾಗೆಯೇ ಕೇಳುತ್ತಿದ್ದಳು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಯಾರಾದರೂ ಹೇಳಿದರೆ ನನಗೀಗ ಮೈ ಉರಿಯುತ್ತದೆ. ಅಕ್ಕ ಎರಡನ್ನೂ ಬಲ್ಲವಳು. ಆದರೂ ರೋಗ ಬಂತು, ಗಂಟಲಿಗೇ ಬಂತು. ಜೀವ ಉಳಿಸುವುದಕ್ಕಾಗಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕತ್ತಿನ ಬುಡದಲ್ಲಿ ಒಂದು ತೂತು. ಉಸಿರಾಟ ಅದರಲ್ಲೇ. ಅದರ ಮೇಲೆ ಕಟ್ಟಿಕೊಳ್ಳಲು ನಾನೇ ತೆಳ್ಳನೆಯ ಬಟ್ಟೆ ಹೊಲಿದುಕೊಟ್ಟೆ, ಡಜನ್ನುಗಟ್ಟಲೆ. ಹೊಲಿಯುವಾಗ ಅತ್ತದ್ದೂ ಉಂಟು. ನನ್ನಂಥ ಬಾಯಿಬಡುಕಿಗೆ ಬರಬಾರದಿತ್ತೇ ಆ ರೋಗ, ಊರಿಗಾದರೂ ಉಪಕಾರವಾಗುತ್ತಿತ್ತು.

ಆಸ್ಪತ್ರೆಯ ಮಂಚದ ಮೇಲೆಯೇ ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು: "ಅಮ್ಮನಿಗೆ ಹೇಳ್ಬೇಡ. ಕಣ್ಣಿಲ್ಲದವಳಿಗೆ ನಾನಿರೋದೇ ದನಿಯಲ್ಲಿ. ದನಿ ಹೋಯ್ತು ಅಂದ್ರೆ ನಾನೇ ಹೋದ ಹಾಗೆ."

ನಾನು ಹೇಳಲಿಲ್ಲ. ಅಕ್ಕನಿಗೆ ದೂರದ ಊರಿನ ಆಸ್ಪತ್ರೆಗೆ ವರ್ಗವಾಗಿದೆ, ರಜೆ ಸಿಗುವುದಿಲ್ಲ, ಅಲ್ಲಿ ಲೈನೂ ಸರಿಯಿಲ್ಲ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಒತ್ತುಕೊಡುತ್ತಾ ಹೋದೆ. ಒಂದೂವರೆಯಾದರೆ ಅಮ್ಮ ಫೋನಿನ ಮೇಲೆ ಕೈಯಿಟ್ಟುಕೊಂಡು ಕೂರುವಳು. ಹತ್ತು ದಿನಕ್ಕೆ ಊಟ ಅರ್ಧವಾಯಿತು. ಹದಿನೈದಕ್ಕೆ ಮಾತು ನಿಂತಿತು.

ಆ ಹೊತ್ತಿಗೇ ನನ್ನ ಫೋನಿಗೆ ಒಂದು ಆ್ಯಪಿನ ಲಿಂಕ್ ಬಂತು. ಯಾರು ಕಳಿಸಿದರೋ ಗೊತ್ತಿಲ್ಲ, ಹತ್ತು ಕೈ ದಾಟಿ ಬಂದದ್ದು. ಯಾರದೇ ದನಿಯನ್ನು ಸ್ವಲ್ಪ ಕೇಳಿಸಿದರೆ ಸಾಕಂತೆ. ಆಮೇಲೆ ನಾವು ಟೈಪ್ ಮಾಡಿದ್ದನ್ನೆಲ್ಲ ಅದೇ ದನಿಯಲ್ಲಿ ಹೇಳುತ್ತದಂತೆ, ಫೋನ್ ಕೂಡ ಮಾಡುತ್ತದಂತೆ. ಪೂರಾ ಉಚಿತ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು! ಆಸ್ಪತ್ರೆಯ ಆ ರೆಕಾರ್ಡಿಂಗನ್ನೂ ಅಕ್ಕ ವರ್ಷಗಳ ಕಾಲ ನನಗೆ ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನೂ ಅದರ ಬಾಯಿಗೆ ಸುರಿದೆ. ಕಾಂಟ್ಯಾಕ್ಟ್ಸ್ ನೋಡಲೇ ಎಂದಿತು, ಸರಿ ಒತ್ತಿದೆ. ಮೈಕ್ ಬಳಸಲೇ ಎಂದಿತು, ಸರಿ. ಫೋಟೋ, ಮೆಸೇಜು, ಎಲ್ಲಕ್ಕೂ ಸರಿ, ಸರಿ, ಸರಿ. ಗಿರಾಕಿಯ ಅಳತೆಯನ್ನು ಎರಡೆರಡು ಸಲ ತೆಗೆಯುವವಳು ನಾನು, ಅಂದು ಒಂದು ಸಾಲನ್ನೂ ಓದಲಿಲ್ಲ.

ಮೊದಲ ಸಲ ಅದು "ಅಮ್ಮಾ, ಊಟ ಆಯ್ತಾ?" ಎಂದಾಗ ನನ್ನ ಕೈಯಿಂದ ಫೋನ್ ಜಾರಿತು. ಅಕ್ಕ ಎದುರಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಅಕ್ಕನ ದನಿ ನೆಲದ ಮೇಲಿನಿಂದ ಬರುತ್ತಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದಳು: "ಇದು ನಾನಲ್ಲ. ನನ್ನ ಬಟ್ಟೆ ಹಾಕ್ಕೊಂಡು ಯಾರೋ ನಿಂತಿದಾರೆ."

"ಅಮ್ಮ ಊಟ ಬಿಟ್ಟಿದಾಳೆ. ನಿಂಗೆ ಬಟ್ಟೆ ಚಿಂತೆ" ಎಂದು ಗದರಿದೆ.

ಅವಳು ಒಪ್ಪಿದಳು. ನಮ್ಮಿಬ್ಬರ ಫೋನಿನಲ್ಲೂ ಆ ಆ್ಯಪ್ ಕೂತಿತು. ಅಂದಿನಿಂದ ಅಕ್ಕ ಮಧ್ಯಾಹ್ನ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವಳು ಬಾಡಿಗೆಗೆ ಹಿಡಿದಿದ್ದ ಕೋಣೆ ಎರಡೇ ಬೀದಿ ಆಚೆ. ಚಪ್ಪಲಿ ಹೊರಗೆ ಬಿಟ್ಟು, ಬಾಗಿಲ ಮೂಲೆಯ ಕುರ್ಚಿಯಲ್ಲಿ ಕೂತು ಟೈಪ್ ಮಾಡುವಳು. ಅಮ್ಮ ಕಿಟಕಿಯ ಹತ್ತಿರ ಫೋನ್ ಕಿವಿಗೊತ್ತಿಕೊಂಡು, ದೂರದೂರಿನ ಮಗಳ ಜೊತೆ ಹರಟುವಳು. ಇಬ್ಬರ ನಡುವೆ ಆರು ಹೆಜ್ಜೆ. ಅಮ್ಮ ಹೊಟ್ಟೆ ತುಂಬ ಉಣ್ಣತೊಡಗಿದಳು. ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಒಂದೇ ಒಂದು ತಕರಾರಿತ್ತು. "ಈಗ ಯಾಕೇ ಟಕ್ ಟಕ್ ಅನ್ನಿಸಲ್ಲ?" ಎಂದು ಅಮ್ಮ ಕೇಳಿದಳು. ಆ ಆ್ಯಪಿಗೆ ಅಕ್ಷರ ಮಾತ್ರ ಹೋಗುತ್ತದೆ, ಉಗುರಿನ ಸದ್ದು ಹೋಗುವುದಿಲ್ಲ. ಅಕ್ಕ ಟೈಪ್ ಮಾಡಿದಳು. "ಹೊಸ ಫೋನು ಅಮ್ಮಾ, ಲೈನು ಯಾವಾಗ್ಲೂ ಸರಿಯಾಗೇ ಇರುತ್ತೆ" ಎಂದಿತು ದನಿ. ಹೇಳಿ, ಒಂದು ಸಣ್ಣ ನಗು ನಕ್ಕಿತು. ಅಕ್ಕನದೇ ನಗು. ಅಕ್ಕ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ನಗು ಅವಳು ಬರೆದದ್ದಲ್ಲ.

ಹೀಗೇ ಒಂದೂವರೆ ವರ್ಷ ಕಳೆಯಿತು. ಒಂದು ಸಂಜೆ ಕಾಳು ಆರಿಸುತ್ತಾ ಅಮ್ಮ ಮೆಲ್ಲಗೆ, "ಚಿಕ್ಕೋಳೇ, ಮಧ್ಯಾಹ್ನ ಈ ಮನೇಲಿ ಇನ್ಯಾರೋ ಉಸಿರಾಡ್ತಾರೆ ಕಣೇ" ಎಂದಳು.

"ಫ್ಯಾನಮ್ಮ ಅದು. ಎಣ್ಣೆ ಬಿಡಿಸ್ಬೇಕು."

"ಫ್ಯಾನು ಬಾಗಿಲ ಮೂಲೇಲಿ ಇರುತ್ತಾ?" ಎಂದು ಕೇಳಿ, ಮತ್ತೆ ಕಾಳಿಗೆ ಕೈಹಾಕಿದಳು.

ಆಮೇಲಿನದು ಇನ್ನೂ ವಿಚಿತ್ರ. ಒಂದು ದಿನ ಅಮ್ಮ, "ಗುಬ್ಬಿ ನಿನ್ನೆ ಸಂಜೇನೂ ಫೋನ್ ಮಾಡಿದ್ಲು. ಪಿಂಚಣಿ ಯಾವ ಬ್ಯಾಂಕಿಗೆ ಬರುತ್ತೆ ಅಂತ ಕೇಳಿದ್ಲು" ಎಂದಳು. ಇನ್ನೊಂದು ದಿನ, ಮನೆ ಯಾರ ಹೆಸರಲ್ಲಿದೆ ಎಂದು ಕೇಳಿದಳಂತೆ. ಅಕ್ಕ ತನ್ನ ಕೋಣೆಯಿಂದ ಮಾಡಿರಬೇಕು, ಪಾಪ, ಅಮ್ಮನ ಜೊತೆ ಒಂದೆರಡು ಮಾತು ಹೆಚ್ಚು ಬೇಕೆನ್ನಿಸಿರಬೇಕು ಎಂದುಕೊಂಡು ನಾನು ಕೇಳಲಿಲ್ಲ. ಅಕ್ಕನೂ ಅದನ್ನು ಅಮ್ಮನ ಬಾಯಿಂದ ಕೇಳಿದ್ದಳು. ಚಿಕ್ಕೋಳೇ ಅವಳ ಫೋನಿನಿಂದ ತನ್ನ ಪರವಾಗಿ ಮಾತಾಡಿರಬೇಕು, ಅಮ್ಮ ಖುಷಿಯಾಗಿರಲಿ ಎಂದು ಮಾಡಿರಬೇಕು ಎಂದುಕೊಂಡು ಅವಳೂ ಕೇಳಲಿಲ್ಲ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಇಬ್ಬರೂ ಎರಡು ತಿಂಗಳು ಬಾಯಿ ಹೊಲಿದುಕೊಂಡು ಕೂತೆವು. ಹುಟ್ಟಿದಾಗಿನಿಂದ ಆಡದ ಜಗಳವಿಲ್ಲ, ಆಡಬೇಕಾದಾಗ ಆಡಲಿಲ್ಲ.

ಗೊತ್ತಾದದ್ದು ಔಷಧಿ ಅಂಗಡಿಯಲ್ಲಿ. ಅಂಗಡಿಯವರು ಅಮ್ಮನ ಮಾತ್ರೆ ಕಟ್ಟುತ್ತಾ, ಮುಖ ಅರಳಿಸಿಕೊಂಡು ಹೇಳಿದರು.

"ಟೈಲರಮ್ಮಾ, ಸಿಹಿ ಸುದ್ದಿ ಮುಚ್ಚಿಟ್ಟುಬಿಟ್ರಲ್ಲ! ನಿಮ್ಮಕ್ಕನಿಗೆ ದನಿ ವಾಪಸ್ ಬಂದಿದೆ. ನಿನ್ನೆ ಫೋನ್ ಮಾಡಿದ್ರು ನೋಡಿ, ನಂಗೆ ಕಣ್ಣಲ್ಲಿ ನೀರೇ ಬಂತು."

"ಯಾರು ಮಾಡಿದ್ರು?"

"ನಿಮ್ಮಕ್ಕಾನೇ. ಅದೇ 'ಹೆದರ್ಬೇಡಿ, ಲೈನಲ್ಲೇ ಇರಿ'. ನಮ್ಮ ಬಾವ ಆಸ್ಪತ್ರೆಗೆ ಸೇರಿದಾರೆ, ಕೂಡ್ಲೇ ಒಂದು ನಂಬರಿಗೆ ದುಡ್ಡು ಹಾಕಿ ಅಂದ್ರು. ಹಾಕಿದೆ. ಆಮೇಲೆ ಬಾವಂಗೆ ಮಾಡಿದ್ರೆ ಮನೇಲಿ ಗೊರಕೆ ಹೊಡೀತಿದ್ದ! ಏನೋ ಗೊಂದಲ ಆಗಿರ್ಬೇಕು, ಬಿಡಿ. ಅವರ ದನಿ ಕೇಳಿದ್ದೇ ಸಂತೋಷ."

ಅಕ್ಕ ಆ ದಿನ ತಪಾಸಣೆಗೆ ಆಸ್ಪತ್ರೆಗೆ ಹೋಗಿದ್ದಳು. ಮನೆಯಲ್ಲಿ ಅಮ್ಮ ಒಬ್ಬಳೇ. ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. ಮಾತ್ರೆ ಅಲ್ಲೇ ಬಿಟ್ಟು ಓಡಿದೆ.

ಬಾಗಿಲು ತೆಗೆದೆ. ಅಮ್ಮ ಕಿಟಕಿಯ ಬೆಳಕಿಗೆ ಮುಖ ಮಾಡಿ ನೆಟ್ಟಗೆ ಕೂತಿದ್ದಳು. ತಲೆ ನೀಟಾಗಿ ಬಾಚಿಕೊಂಡಿದ್ದಳು. ಎರಡೂ ಕೈಯಲ್ಲಿ ಫೋನನ್ನು ಮುಖದ ಮುಂದೆ ಹಿಡಿದು, ಬೆಳ್ಳಗಿನ ಕಣ್ಣುಗಳನ್ನು ಮಿಟುಕಿಸುತ್ತಿದ್ದಳು. ಮುಖ ಎಡಕ್ಕೆ ತಿರುಗಿಸಿದಳು. ಬಲಕ್ಕೆ ತಿರುಗಿಸಿದಳು. ಮತ್ತೆ ಮಿಟುಕಿಸಿದಳು.

ಫೋನಿನೊಳಗಿಂದ ಅಕ್ಕ ಹೇಳುತ್ತಿದ್ದಳು: "ಇನ್ನೊಂದ್ಸಲ ಅಮ್ಮಾ. ಕಣ್ಣು ನೇರ ಇಡು. ಹಾಂ, ಹಾಗೇ."

"ಏನಮ್ಮಾ ಇದು?"

"ಶ್! ಗುಬ್ಬಿ ನನ್ನ ನೋಡ್ಬೇಕಂತೆ ಕಣೇ. ಎಷ್ಟು ದಿನ ಆಯ್ತಲ್ವಾ ಅವಳು ನನ್ನ ನೋಡಿ."

ನಾನು ಫೋನ್ ಕಿತ್ತುಕೊಂಡೆ. ಪರದೆಯ ತುಂಬ ಅಮ್ಮನ ಮುಖ, ಅದರ ಸುತ್ತ ಒಂದು ಹಸಿರು ಗೆರೆ. "ಯಾರೋ ನೀನು, ಮನೆಹಾಳ!" ಎಂದು ಕಿರುಚಿದೆ. ಆ ಕಡೆಯಿಂದ ನನ್ನ ಒಡಹುಟ್ಟಿದವಳ ದನಿ, ತಣ್ಣಗೆ, ಇಪ್ಪತ್ತಾರು ವರ್ಷ ಹೇಳಿದ ಹಾಗೆಯೇ ಹೇಳಿತು: "ಹೆದರ್ಬೇಡಿ, ಲೈನಲ್ಲೇ ಇರಿ."

ಫೋನ್ ಆಫ್ ಮಾಡಿ ಅಕ್ಕಿ ಡಬ್ಬದೊಳಗೆ ತುರುಕಿದೆ. ಯಾಕೆ ಅಕ್ಕಿಯೊಳಗೆ ಎಂದು ಕೇಳಬೇಡಿ. ಆಗ ತೋಚಿದ್ದು ಅದು.

ಸೈಬರ್ ಪೊಲೀಸ್ ಠಾಣೆಯ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ನಾನೂ ಅಕ್ಕನೂ ಹೋಗಿ ಕೂತೆವು. ಅವರು ಎಲ್ಲ ಕೇಳಿ, ಬ್ಯಾಂಕಿಗೆ ಫೋನ್ ಮಾಡಿ ಅಮ್ಮನ ಖಾತೆ ತಡೆಹಿಡಿಸಿದರು. ಇಬ್ಬರ ಫೋನಿನಿಂದಲೂ ಆ ಆ್ಯಪನ್ನು ಕಿತ್ತು, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿ ಎಂದರು.

"ಆ ಆ್ಯಪ್ ಮಾಡಿದ ಕಳ್ಳರು ಬ್ಯಾಂಕಿಗೆ ಅಮ್ಮನ ಮುಖ ತೋರಿಸಿ ಖಾತೇನ ತಮ್ಮ ಫೋನಿಗೆ ಎಳ್ಕೊಳ್ತಿದ್ರು. ಮೂರು ಸಲ ಪ್ರಯತ್ನ ಮಾಡಿದಾರೆ. ಕಣ್ಣು ಕ್ಯಾಮೆರಾ ಕಡೆ ನಿಂತಿಲ್ಲ, ಅದಕ್ಕೆ ಉಳ್ಕೊಂಡಿದೀರಿ" ಎಂದರು. "ಆದ್ರೆ ಅವರು ಬಿಡಲ್ಲ. ನಿಮ್ಮ ಅಮ್ಮನ ಹತ್ರ ಇವರು ಟೈಪ್ ಮಾಡಿದ ಪ್ರತಿಯೊಂದು ಮಾತೂ ಅವರ ಹತ್ರ ಇದೆ. ಮತ್ತೆ ಮಾಡ್ತಾರೆ."

"ಆ ದನೀನ ಅವರ ಹತ್ರದಿಂದ ವಾಪಸ್ ತಗೊಳ್ಳೋಕಾಗಲ್ವಾ?" ನಾನು ಕೇಳಿದೆ.

ಅವರು ಅಕ್ಕನ ಕತ್ತಿನ ಬಟ್ಟೆ ನೋಡಿ, ಕಣ್ಣು ತಗ್ಗಿಸಿದರು. "ಇಲ್ಲ. ನೀವು ಮಾಡ್ಬಹುದಾದ್ದು ಒಂದೇ. ಅಮ್ಮನಿಗೆ ನಿಜ ಹೇಳಿ. ಮನೆಯವರಿಗಷ್ಟೇ ಗೊತ್ತಿರೋ ಒಂದು ಗುಟ್ಟಿನ ಮಾತು ಇಟ್ಕೊಳ್ಳಿ."

ಅಕ್ಕ ನೋಟ್‌ಬುಕ್ ತೆಗೆದು "ಮಾತು?" ಎಂದಷ್ಟೇ ಬರೆದು ತೋರಿಸಿದಳು.

ನಿಜ ಹೇಳುವುದು ಬಾಯಲ್ಲಿ ಸುಲಭ. ಅಮ್ಮ ನನ್ನ ಮೇಲೆ ಕೆಂಡವಾಗಿದ್ದಳು. "ಅದು ಕಳ್ಳರಮ್ಮ" ಎಂದರೆ, "ನನ್ನ ಹೊಟ್ಟೇಲಿ ಹುಟ್ಟಿದ್ದರ ದನಿ ನಂಗೆ ಗೊತ್ತಿಲ್ವೇನೇ? ನಾನು ಕುರುಡಿ, ಕಿವುಡಿ ಅಲ್ಲ. ಅವಳು ಬರ್ತೀನಿ ಅಂತಿದ್ಲು, ನಿಂಗೆ ಹೊಟ್ಟೆಕಿಚ್ಚು" ಎಂದು ಗೋಡೆಗೆ ಮುಖ ಮಾಡಿದಳು. ಎಲ್ಲ ಬಿಚ್ಚಿ ಹೇಳಲು ಬಾಯಿ ತೆರೆದೆ. ಅಕ್ಕನಿಗೆ ದನಿಯೇ ಇಲ್ಲ ಎಂದರೆ ಈ ಜೀವ ಉಳಿದೀತೇ ಎನ್ನಿಸಿತು. ಹೇಳದಿದ್ದರೆ ಕಳ್ಳರು ಬಿಡುವುದಿಲ್ಲ. ಜಗತ್ತಿನ ಬಾಯಿಯೆಲ್ಲ ನನ್ನದೇ ಎಂದು ಮೆರೆಯುತ್ತಿದ್ದವಳು ತೆರೆದ ಬಾಯಿ ಮುಚ್ಚಿಕೊಂಡು ಒಲೆ ಹಚ್ಚಲು ಹೋದೆ.

ಮಾರನೆಯ ದಿನ ನಾನು ಕೆಲಸಕ್ಕೆ ಹೋಗಲಿಲ್ಲ. ಅಕ್ಕನೂ ಬಂದು ಮೂಲೆಯ ಕುರ್ಚಿಯಲ್ಲಿ ಕೂತಳು. ಸರಿಯಾಗಿ ಒಂದೂವರೆಗೆ ಫೋನ್ ರಿಂಗಾಯಿತು. ಮೊಬೈಲಲ್ಲ, ಅದು ಇನ್ನೂ ಅಕ್ಕಿಯೊಳಗಿತ್ತು. ಗೋಡೆಯ ಪಕ್ಕದ ಹಳೆಯ ಲ್ಯಾಂಡ್‌ಲೈನ್. ಅದು ರಿಂಗಾಗಿ ವರ್ಷವಾಗಿತ್ತು. ಆ ನಂಬರೂ ನನ್ನ ಕಾಂಟ್ಯಾಕ್ಟ್ಸ್‌ನಲ್ಲಿತ್ತು. ಸರಿ ಎಂದು ಒತ್ತಿದವಳು ನಾನೇ ತಾನೆ?

ನಾನು ಎತ್ತುವ ಮೊದಲೇ ಅಮ್ಮ ತಡವರಿಸಿಕೊಂಡು ಹೋಗಿ ಎತ್ತಿದಳು. ನಾನು ಸ್ಪೀಕರಿನ ಗುಂಡಿ ಒತ್ತಿದೆ.

"ಅಮ್ಮಾ, ನಾನು ಗುಬ್ಬಿ. ಚಿಕ್ಕೋಳ ಮಾತು ನಂಬ್ಬೇಡ. ಅವಳಿಗೆ ಈ ಮನೆ ಬೇಕು, ಅದಕ್ಕೇ ನಮ್ಮಿಬ್ಬರನ್ನೂ ದೂರ ಮಾಡ್ತಿದಾಳೆ. ಅವಳಿಲ್ದಾಗ ಮೊಬೈಲ್ ಆನ್ ಮಾಡು. ಇನ್ನೊಂದೇ ಸಲ ಕಣ್ಣು ಮಿಟುಕಿಸಿಬಿಡು. ನಾಳೆನೇ ಬಸ್ ಹತ್ತಿ ಬಂದ್ಬಿಡ್ತೀನಿ. ನಿನ್ನ ಪಕ್ಕದಲ್ಲೇ ಕೂತ್ಕೊಳ್ತೀನಿ ಅಮ್ಮಾ."

"ಬರ್ತೀಯಾ ಮಗಳೇ?" ಅಮ್ಮ ರಿಸೀವರನ್ನು ಇನ್ನೂ ಬಿಗಿಯಾಗಿ ಕಿವಿಗೊತ್ತಿಕೊಂಡಳು.

"ಬಂದೇ ಬರ್ತೀನಿ."

ಅಕ್ಕ ಎದ್ದಳು. ಒಂದೂವರೆ ವರ್ಷದಲ್ಲಿ ಮೊದಲ ಸಲ ಆ ಆರು ಹೆಜ್ಜೆ ನಡೆದು ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತಳು. ಅಮ್ಮ ಬೆಚ್ಚಿ, "ಯಾರು?" ಎಂದಳು. ಫೋನಿನ ದನಿ "ಏನಾಯ್ತಮ್ಮಾ?" ಎಂದಿತು. ಅಕ್ಕ ಅಮ್ಮನ ಕೈಯಲ್ಲಿದ್ದ ರಿಸೀವರಿನ ಮೇಲೆ ಬಾಗಿ, ಉಗುರಿನಿಂದ ಕುಟ್ಟಿದಳು.

ಟಕ್. ಟಕ್. ಟಕ್.

ಫೋನಿನೊಳಗೆ ಅಕ್ಕ ಮಾತಾಡುತ್ತಲೇ ಇದ್ದಳು, ಅಮ್ಮಾ, ಅಮ್ಮಾ, ಕೇಳಿಸ್ತಿದ್ಯಾ ಎನ್ನುತ್ತಿದ್ದಳು. ಅಮ್ಮ ಇನ್ನೊಂದು ಕೈ ಚಾಚಿದಳು. ಬೆರಳುಗಳು ಅಕ್ಕನ ಹಣೆ, ಮೂಗು, ಬಾಯಿ ಎಲ್ಲ ದಾಟಿ ಕತ್ತಿಗೆ ಇಳಿದವು. ಬಟ್ಟೆ ಸರಿಸಿದವು. ಆ ತೂತಿನ ಅಂಚಿನಲ್ಲಿ, ಬಿಸಿ ಉಸಿರು ಬಂದು ಹೋಗುವಲ್ಲಿ ನಿಂತವು.

"ಮೂಲೇಲಿ ಉಸಿರಾಡ್ತಿದ್ದೋಳು ನೀನಾ ಗುಬ್ಬಿ?"

ಅಕ್ಕ ಅಮ್ಮನ ಅಂಗೈ ಮೇಲೆ ಒಂದು ಸಲ ಕುಟ್ಟಿದಳು. ಅಮ್ಮನ ಕುರುಡು ಕಣ್ಣಿನಿಂದ ನೀರು ದಳದಳ ಇಳಿಯಿತು. ನಾನು ಗೋಡೆಗೆ ತಲೆಯಿಟ್ಟು ಅತ್ತೆ.

"ಅಮ್ಮಾ, ಅಲ್ಲಿ ಯಾರಿದಾರೆ? ಯಾರ ಮಾತೂ ಕೇಳ್ಬೇಡ" ಎಂದಿತು ಫೋನು.

"ಇಡಮ್ಮಾ ಅದನ್ನ, ಹಾಳಾಗಿ ಹೋಗ್ಲಿ!" ಎಂದು ನಾನು ಕೂಗಿದೆ. ಅಮ್ಮ ಇಡಲಿಲ್ಲ. ಒಂದು ಕೈಯಲ್ಲಿ ರಿಸೀವರ್, ಒಂದು ಕೈ ಅಕ್ಕನ ಗಂಟಲ ಮೇಲೆ. ಅಕ್ಕನ ಕಡೆ ಬಾಗಿ, ಅಪ್ಪಣೆ ಕೇಳುವವಳ ಹಾಗೆ ಪಿಸುಗುಟ್ಟಿದಳು.

"ಕಳ್ಳರು ಅಂತ ಗೊತ್ತಾಯ್ತು ಕಣೇ. ಇನ್ನೊಂಚೂರು ಕೇಳ್ಲಾ? ನಿನ್ನ ದನಿ ಅಲ್ವಾ."

ಅಕ್ಕ ಬೇಡವೆನ್ನಲಿಲ್ಲ. ಮೂವರೂ ಕೂತು ಕೇಳಿದೆವು. ಅದು ಗೋಗರೆಯಿತು, ಅತ್ತಿತು, ನಕ್ಕಿತು, ಚಿಕ್ಕಂದಿನ ಮಾತು ತೆಗೆಯಿತು. ಅಕ್ಕ ಕಣ್ಣು ಮುಚ್ಚಿಕೊಂಡು, ತುಟಿಯನ್ನು ಅದರ ಜೊತೆಗೇ ಅಲ್ಲಾಡಿಸುತ್ತಿದ್ದಳು. ಕೊನೆಗೆ ಅದು, "ಹೆದರ್ಬೇಡಮ್ಮಾ, ಲೈನಲ್ಲೇ ಇರು" ಎಂದಿತು. ಆಗ ಅಕ್ಕ ಕೈ ಚಾಚಿ, ಇಪ್ಪತ್ತಾರು ವರ್ಷ ಯಾರದನ್ನೂ ಕಡಿಯದಿದ್ದವಳು, ಗುಂಡಿ ಅದುಮಿ ಲೈನ್ ಕಡಿದಳು.

ಈಗ ಅಕ್ಕ ನಮ್ಮ ಜೊತೆಯಲ್ಲೇ ಇದ್ದಾಳೆ. ಔಷಧಿ ಅಂಗಡಿಯವರಿಂದ ಹಿಡಿದು ಗುರುತಿನವರಿಗೆಲ್ಲ ನಾನೇ ಮನೆ ಮನೆಗೆ ಹೋಗಿ ಹೇಳಿ ಬಂದೆ: ನಮ್ಮಕ್ಕ ಫೋನಿನಲ್ಲಿ ಮಾತಾಡಿದರೆ ಅದು ನಮ್ಮಕ್ಕ ಅಲ್ಲ, ಕೂಡಲೇ ಇಟ್ಟುಬಿಡಿ. ಅಧಿಕಾರಿ ಹೇಳಿದ ಗುಟ್ಟಿನ ಮಾತು ನಮಗೆ ಬೇಕಾಗಲಿಲ್ಲ. ಅಕ್ಕ ಎಲ್ಲಿಗಾದರೂ ಹೋದಾಗ ಒಂದೂವರೆಗೆ ಮನೆಗೆ ಫೋನ್ ಮಾಡುತ್ತಾಳೆ. ಅಮ್ಮ ಎತ್ತಿ ಸುಮ್ಮನೆ ಕಾಯುತ್ತಾಳೆ. ಆ ಕಡೆಯಿಂದ ಟಕ್, ಟಕ್, ಟಕ್ ಎಂದರೆ "ಹೇಳು ಗುಬ್ಬಿ" ಎಂದು, ತಾನೇ ಎಲ್ಲವನ್ನೂ ಹೇಳತೊಡಗುತ್ತಾಳೆ.

ಕೆಲವೊಮ್ಮೆ ಆ ದನಿಯೂ ಬರುತ್ತದೆ. "ಅಮ್ಮಾ, ಊಟ ಆಯ್ತಾ?" ಎನ್ನುತ್ತದೆ. ಅಮ್ಮ ಆಗ ಉತ್ತರ ಕೊಡುವುದಿಲ್ಲ. ಇಡುವ ಮೊದಲು ಒಂದು ಉಸಿರು ತಡೆಯುತ್ತಾಳೆ, ಅಷ್ಟೇ. ನಾನು ನೋಡಿಯೂ ನೋಡದವಳಂತೆ ಮೆಷಿನ್ ತುಳಿಯುತ್ತೇನೆ.